ಹೊಕ್ಕಿಲ್ಲದ ನೇಯ್ಗೆ: ಹಕ್ಕಿಮನೆಯ ತಂತಿಬಲೆಯ ಇತಿಹಾಸ

ಕಳೆದ ವರ್ಷದ ಬೇಸಿಗೆಯಲ್ಲಿ ನಮ್ಮ ಡೊಂಬಿವಲಿಯ ಮನೆಯ ಗ್ಯಾಲರಿಯಲ್ಲಿ ಒಂದು ಹಕ್ಕಿಮನೆ ಎದ್ದಿತು. ಏಳನೆಯ ಇಯತ್ತೆಯಲ್ಲಿ ಓದುವ ಮಗಳ ಹಟವೇ ಅದಕ್ಕೆ ಕಾರಣ. ಅಂಗಡಿಯಲ್ಲಿ ಸಿಗುವ ಪುಟ್ಟ ಪಂಜರ ಬೇಡ, ಹಕ್ಕಿ ರೆಕ್ಕೆ ಬಿಚ್ಚಿ ಹಾರುವಷ್ಟು ಜಾಗ ಬೇಕು ಎಂಬುದು ಅವಳ ಷರತ್ತು. ಮುರಿದ ಮಂಚದ ಕಟ್ಟಿಗೆ ಅಟ್ಟದ ಮೇಲೆ ಬಿದ್ದಿತ್ತು. ಅದನ್ನೇ ಇಳಿಸಿ, ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ, ಐದು ಅಡಿ ಎತ್ತರದ ಚೌಕಟ್ಟು ಮಾಡಿದೆವು. ಬಡ್ಜೆರಿಗರ್ ಹಕ್ಕಿ ನೆಟ್ಟಗೆ ಮೇಲಕ್ಕೇಳುವುದಕ್ಕಿಂತ ಅಡ್ಡಡ್ಡವಾಗಿ ಹಾರುವುದೇ ಹೆಚ್ಚು. ಆದ್ದರಿಂದ ಎತ್ತರ ಕಡಿಮೆಯಾದರೂ ನಡೆದೀತು, ಉದ್ದ ಕಡಿಮೆಯಾಗಬಾರದು. ಬಲೆಯನ್ನು ಚೌಕಟ್ಟಿನ ಒಳಮೈಗೆ ಹೊಡೆಯಬೇಕು, ಇಲ್ಲವಾದರೆ ಅವು ಕಟ್ಟಿಗೆಯನ್ನು ಕಡಿದು ಹುಡಿ ಮಾಡುತ್ತವೆ. ಕಣ್ಣು ಅರ್ಧ ಇಂಚಿಗಿಂತ ದೊಡ್ಡದಿರಬಾರದು. ಬಾಗಿಲು ಒಂದರ ಹಿಂದೆ ಒಂದು ಎರಡಿದ್ದರೆ, ಕಾಳು ಹಾಕಲು ಹೋದಾಗ ಹಕ್ಕಿ ಜಾರಿಕೊಳ್ಳುವ ಭಯವಿಲ್ಲ. ಇಷ್ಟನ್ನು ಕೇಳಿ ತಿಳಿದುಕೊಂಡೇ ಕೆಲಸಕ್ಕೆ ಕೈಹಾಕಿದ್ದೆವು. ಹಾರ್ಡ್‌ವೇರ್ ಅಂಗಡಿಯಲ್ಲಿ ಮರಾಠಿಯಲ್ಲಿ ‘ಜಾಳಿ’ ಎಂದು ಕೇಳಿ, ಆರು ಮೂಲೆಯ ಕಣ್ಣಿನ ತಂತಿಬಲೆಯ ಒಂದು ಸುರುಳಿ ತಂದೆವು.

ಸುರುಳಿಯನ್ನು ಪಡಸಾಲೆಯಲ್ಲಿ ಬಿಚ್ಚಿದಾಗ ಅವ್ವ ಎದ್ದು ಬಂದು ಕೂತಳು. ಅವಳು ಬೆಟಗೇರಿಯವಳು, ನೇಕಾರರ ಮನೆಯ ಮಗಳು. ತವರಿನ ಕುಣಿಮಗ್ಗದ ಬದಿಯಲ್ಲಿ ಕಂಡಿಕೆ ಸುತ್ತುತ್ತ ಬೆಳೆದವಳು. ಬಟ್ಟೆ ಯಾವುದೇ ಇರಲಿ, ತುದಿಯನ್ನು ಬೆರಳಿನ ನಡುವೆ ಹಿಡಿದು ತಿಕ್ಕಿ ನೋಡದೆ ಬಿಡುವವಳಲ್ಲ. ತಂತಿಬಲೆಯನ್ನೂ ಹಾಗೆಯೇ ಹಿಡಿದು, ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

“ಇದರಾಗ ಬರೇ ಹಾಸ ಐತಿ. ಹೊಕ್ಕ ಎಲ್ಲೈತೋ?” ಎಂದಳು.

ನಮಗೆ ಉತ್ತರ ಗೊತ್ತಿರಲಿಲ್ಲ. ಮೊಳೆ ಹೊಡೆಯುವ ಗಡಿಬಿಡಿಯಲ್ಲಿ ಆ ಪ್ರಶ್ನೆ ಅಲ್ಲಿಗೇ ನಿಂತಿತು.

ನಾಲ್ಕು ಹಕ್ಕಿಗಳನ್ನು ತಂದೆವು: ಎರಡು ಹಸಿರು, ಒಂದು ಹಳದಿ, ಒಂದು ನೀಲಿ. ಹತ್ತು ದಿನ ಕಳೆಯುವುದರೊಳಗೆ ಹಳದಿಯದು ರೆಕ್ಕೆ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತುಬಿಟ್ಟಿತು. ಮರುದಿನ ಬೆಳಿಗ್ಗೆ ನೆಲದ ಮೇಲೆ ಬಿದ್ದಿತ್ತು. ಅದರ ಹಿಂದೆಯೇ ಒಂದು ಹಸಿರು ಹಕ್ಕಿಯೂ ಹೋಯಿತು. ಮಗಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಉಳಿದೆರಡನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಪಶುವೈದ್ಯರ ಬಳಿಗೆ ಓಡಿದೆವು. ಅವರು ಕೇಳಿದ ಮೊದಲ ಪ್ರಶ್ನೆ, “ಬಲೆ ಹೊಸದೋ, ಹಳೆಯದೋ?”

ಹೊಸ ತಂತಿಯ ಮೇಲೆ ತುಕ್ಕು ಹಿಡಿಯದಂತೆ ಸತುವಿನ ಲೇಪವಿರುತ್ತದೆ. ಲೇಪ ಕೊಡುವಾಗ ಅಲ್ಲಲ್ಲಿ ಸಣ್ಣ ಗಂಟುಗಳಂತೆ ಸತು ಹೆಪ್ಪುಗಟ್ಟಿರುತ್ತದೆ, ಮೇಲೆ ಬಿಳಿಯ ಹುಡಿಯೂ ಕೂತಿರುತ್ತದೆ. ಗಿಣಿಯ ಜಾತಿಯ ಹಕ್ಕಿ ನಡೆಯುವುದು ಕಾಲಿನಿಂದ ಎಷ್ಟೋ ಕೊಕ್ಕಿನಿಂದಲೂ ಅಷ್ಟೇ. ಬಲೆ ಹಿಡಿದು ಹತ್ತುವಾಗ ಕಚ್ಚುತ್ತ, ನೆಕ್ಕುತ್ತ ಹೋಗುತ್ತದೆ, ಸತು ಹೊಟ್ಟೆ ಸೇರುತ್ತದೆ. ಹಕ್ಕಿ ಸಾಕುವವರು ಇದನ್ನು ‘ಹೊಸ ತಂತಿಯ ರೋಗ’ ಎಂದೇ ಕರೆಯುತ್ತಾರಂತೆ. ಹೆಸರು ಇಟ್ಟಿದ್ದಾರೆ ಎಂದರೆ ನಮ್ಮಂತಹ ಅವಿವೇಕಿಗಳು ಹಿಂದೆಯೂ ಬಹಳ ಮಂದಿ ಇದ್ದರೆಂದಾಯಿತು.

ಬಲೆಯನ್ನೆಲ್ಲ ಕಿತ್ತು ವಿನೇಗರ್ ಹಚ್ಚಿ, ಗಟ್ಟಿ ಬ್ರಶ್ಶಿನಿಂದ ತಿಕ್ಕಿ, ಕೆಲವು ವಾರ ಗಾಳಿಮಳೆಗೆ ಒಡ್ಡಿರಿ ಎಂದರು ವೈದ್ಯರು. ಮಳೆಗಾಲ ಹತ್ತಿರದಲ್ಲೇ ಇತ್ತು. ಬಲೆ ಗಚ್ಚಿಯ ಮೇಲೆ ನೆನೆಯುತ್ತಿದ್ದ ಆ ದಿನಗಳಲ್ಲಿ, ನಮ್ಮ ಎರಡು ಹಕ್ಕಿಗಳನ್ನು ಕೊಂದ ಈ ವಸ್ತು ಎಲ್ಲಿಂದ ಬಂತು, ಯಾರು ಮಾಡಿದರು ಎಂದು ಹುಡುಕುತ್ತ ಕೂತೆವು. ಅವ್ವನ ಪ್ರಶ್ನೆಗೂ ಉತ್ತರ ಅಲ್ಲಿಯೇ ಸಿಕ್ಕಿತು.

ಹಕ್ಕಿಯನ್ನು ಪಂಜರದಲ್ಲಿಡುವುದು ಬಹಳ ಹಳೆಯ ರೂಢಿ. ಆದರೆ ಒಂದು ಹಕ್ಕಿಯ ಪಂಜರ ಬೇರೆ, ಹಕ್ಕಿಗಳು ಹಾರಾಡುವ ಮನೆ ಬೇರೆ. ಪಂಜರ ಬಡವನ ಜಂತೆಗೂ ತೂಗುತ್ತಿತ್ತು. ಹಕ್ಕಿಮನೆ ಮಾತ್ರ ಅರಸರದು. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳ ಪಟ್ಟಿಯೇ ಇದೆ. ಹುಂಜದ ಕಾಳಗ, ಲಾವಕ್ಕಿಯ ಕಾಳಗ, ಪಾರಿವಾಳ, ಡೇಗೆಯ ಬೇಟೆ ಎಲ್ಲಕ್ಕೂ ಅಲ್ಲಿ ಸ್ಥಾನವಿದೆ. (ಈ ಕಲ್ಯಾಣ ನಮ್ಮ ಲೋಕಲ್ ಗಾಡಿ ನಿಲ್ಲುವ ಕಲ್ಯಾಣವಲ್ಲ, ಬೀದರ ಜಿಲ್ಲೆಯ ಬಸವಕಲ್ಯಾಣ.) ಇಂಗ್ಲೆಂಡಿನಲ್ಲಿಯೂ ಅದೇ ಕಥೆ. ಲಂಡನ್ನಿನಲ್ಲಿ ‘ಬರ್ಡ್‌ಕೇಜ್ ವಾಕ್’ ಎಂಬ ರಸ್ತೆಯಿದೆ. ಒಂದನೆಯ ಜೇಮ್ಸ್ ದೊರೆಯ ಕಾಲದಲ್ಲಿ ಅಲ್ಲಿ ಅರಮನೆಯ ಹಕ್ಕಿಮನೆಯಿತ್ತು, ಎರಡನೆಯ ಚಾರ್ಲ್ಸ್ ಅದನ್ನು ಬೆಳೆಸಿದ. ಆ ರಸ್ತೆಯಲ್ಲಿ ಗಾಡಿ ಓಡಿಸುವ ಹಕ್ಕು 1828ರ ವರೆಗೂ ರಾಜಮನೆತನಕ್ಕೆ ಮತ್ತು ಅದರ ವಂಶಪಾರಂಪರ್ಯದ ಡೇಗೆಯ ಅಧಿಕಾರಿಗೆ ಬಿಟ್ಟರೆ ಇನ್ನಾರಿಗೂ ಇರಲಿಲ್ಲ.

ಸಾಮಾನ್ಯರ ಹಕ್ಕಿ ಇಕ್ಕಟ್ಟಿನಲ್ಲೇ ಬದುಕಬೇಕಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜಾನ್ ಫ್ರಾಯರ್ 1670ರ ದಶಕದಲ್ಲಿ ನಮ್ಮ ಪಶ್ಚಿಮ ಕರಾವಳಿಯುದ್ದಕ್ಕೂ ತಿರುಗಿದವನು. ಕಾರವಾರ, ಗೋಕರ್ಣಗಳನ್ನೂ ಕಂಡವನು. ಅಹಮದಾಬಾದಿನಿಂದ ಬರುತ್ತಿದ್ದ ಕೆಂಪು ಚುಕ್ಕೆಯ ಪುಟ್ಟ ಹಕ್ಕಿಗಳು ಒಂದೇ ಪಂಜರದಲ್ಲಿ ಐವತ್ತು ಕೂಡಿ ಹಾಡುವುದನ್ನು ಅವನು ಬರೆದಿಟ್ಟಿದ್ದಾನೆ. ಅದು ಕೆಂಪು ಮುನಿಯ. ಊರಿನ ಹೆಸರೇ ತಿರುಚಿಕೊಂಡು ಇಂಗ್ಲಿಷಿನಲ್ಲಿ ಅದಕ್ಕೆ ‘ಅವಡವಟ್’ ಎಂಬ ಹೆಸರು ನಿಂತಿತು. ಹಡಗಿನಲ್ಲಿ ಯುರೋಪಿಗೆ ಹೋದವೆಷ್ಟೋ, ಮುಟ್ಟಿದವೆಷ್ಟೋ.

ಇನ್ನು ಕಥೆ ಇಂಗ್ಲೆಂಡಿನ ಪೂರ್ವಭಾಗದ ನಾರ್ವಿಚ್ ಎಂಬ ಊರಿಗೆ ಹೊರಳುತ್ತದೆ. ಅದು ನೇಕಾರರ ಊರು. ಹದಿನಾರನೆಯ ಶತಮಾನದ ನಡುವಿನಲ್ಲಿ ಅಲ್ಲಿಯ ನೇಯ್ಗೆ ಕುಂದಿತ್ತು, ಮಗ್ಗಗಳು ನಿಂತಿದ್ದವು. ಆಗ ಸಮುದ್ರದಾಚೆಯ ಫ್ಲಾಂಡರ್ಸ್ ಪ್ರಾಂತ್ಯದಲ್ಲಿ ಸ್ಪೇನಿನ ಆಳ್ವಿಕೆ. ಮತದ ಹೆಸರಿನಲ್ಲಿ ಅಲ್ಲಿ ಕಿರುಕುಳ ನಡೆದಿತ್ತು. ನಾರ್ವಿಚ್‌ನ ಪುರಪ್ರಮುಖರು 1565ರಲ್ಲಿ ರಾಣಿ ಎಲಿಝಬೆತ್‌ಳ ಅಪ್ಪಣೆ ಪಡೆದು, ಅಲ್ಲಿಂದ ಮೂವತ್ತು ನೇಕಾರ ಯಜಮಾನರನ್ನು ಕುಟುಂಬ ಸಮೇತ ಕರೆಸಿಕೊಂಡರು. ಆ ಮೂವತ್ತರ ಹಿಂದೆ ಸಾವಿರಾರು ಮಂದಿ ಬಂದರು. ಹದಿನೈದು ವರ್ಷ ತುಂಬುವುದರೊಳಗೆ ಊರಿನ ಜನರಲ್ಲಿ ಮೂರರಲ್ಲೊಂದು ಪಾಲು ಅವರೇ. ಊರವರು ಅವರಿಗೆ ಇಟ್ಟ ಹೆಸರು ‘ಸ್ಟ್ರೇಂಜರ್ಸ್’, ಅಂದರೆ ಅಪರಿಚಿತರು. ಅದು ಬೈಗುಳವಲ್ಲ, ಸರಕಾರಿ ಕಾಗದಗಳಲ್ಲಿಯೂ ಅದೇ ಹೆಸರು.

ಬಂದವರು ಸತ್ತಿದ್ದ ಕಸುಬನ್ನು ಎಬ್ಬಿಸಿ ನಿಲ್ಲಿಸಿದರು. ಹಗುರಾದ, ಬಣ್ಣದ ಹೊಸ ಬಟ್ಟೆಗಳು ಅವರ ಮಗ್ಗದಿಂದ ಇಳಿದವು. ತಮ್ಮದೇ ದೇವಾಲಯ ಮಾಡಿಕೊಂಡರು. ನಾರ್ವಿಚ್‌ನ ಮೊತ್ತಮೊದಲ ಮುದ್ರಣಾಲಯ ಇವರಲ್ಲೊಬ್ಬನಾದ ಆಂಟನಿ ಡಿ ಸೊಲೆಂಪ್ನೆಯದು. ಅದು ಅಚ್ಚು ಹಾಕಿದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಲ್ಲ, ಅವರ ಡಚ್ ಭಾಷೆಯಲ್ಲಿ. ಪರಊರಿನಲ್ಲಿ ಕನ್ನಡದ ಮಾಸಿಕ ಓದುತ್ತ ಕೂತಿರುವ ನಮಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ಕಸುಬು ಎದ್ದು ನಿಂತಿತೆಂದು ಎಲ್ಲರಿಗೂ ಸಂತೋಷವಾಯಿತೇ? ಇಲ್ಲ. 1570ರಲ್ಲಿ ಈ ಹೊರಗಿನವರನ್ನು ಹೊಡೆದೋಡಿಸಬೇಕೆಂದು ಒಂದು ದಂಗೆಯ ಸಂಚು ನಡೆಯಿತು. ಸಂಚು ಬಯಲಾಗಿ ಮುಂದಾಳುಗಳು ಗಲ್ಲಿಗೇರಿದರು. 1960ರ ದಶಕದ ಕೊನೆಯ ಮುಂಬಯಿಯನ್ನು ಕಂಡ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಅಪರಿಚಿತರು ತಮ್ಮೊಡನೆ ಕ್ಯಾನರಿ ಹಕ್ಕಿಗಳನ್ನೂ ತಂದರೆಂಬುದು ನಾರ್ವಿಚ್‌ನಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತು. ಆಫ್ರಿಕದ ಪಶ್ಚಿಮಕ್ಕಿರುವ ಕ್ಯಾನರಿ ದ್ವೀಪಗಳ ಈ ಹಾಡುಹಕ್ಕಿ, ಹದಿನೈದನೆಯ ಶತಮಾನದಲ್ಲಿ ಆ ದ್ವೀಪಗಳು ಸ್ಪೇನಿನ ಕೈಸೇರಿದ ಮೇಲೆ ಯುರೋಪಿನಲ್ಲಿ ಹರಡಿತು. ಮಾತು ದಾಖಲೆಯಲ್ಲಿ ಇರಲಿ ಬಿಡಲಿ, ನಾರ್ವಿಚ್‌ನ ನೇಕಾರರು ಮುಂದೆ ಶತಮಾನಗಳ ಕಾಲ ಕ್ಯಾನರಿ ಸಾಕಿದ್ದಂತೂ ನಿಜ. ಮೇಲುಮಹಡಿಯಲ್ಲಿ ಮಗ್ಗ, ಮಗ್ಗದ ಪಕ್ಕದಲ್ಲಿ ಪಂಜರ. ದಿನವಿಡೀ ಒಂದೇ ಕಡೆ ಕೂತು ಲಾಳಿ ಒಗೆಯುವವನಿಗೆ ಅದೊಂದು ಜೊತೆ. ಹತ್ತೊಂಬತ್ತನೆಯ ಶತಮಾನದಲ್ಲಿ ‘ನಾರ್ವಿಚ್ ಕ್ಯಾನರಿ’ ಎಂಬ ತಳಿಯೇ ಪ್ರಸಿದ್ಧವಾಗಿ ಲಂಡನ್ನಿಗೆ ರೈಲಿನಲ್ಲಿ ಹೋಗುತ್ತಿತ್ತು. ಇಂದಿಗೂ ಆ ಊರಿನ ಫುಟ್‌ಬಾಲ್ ತಂಡದ ಅಡ್ಡಹೆಸರು ‘ಕ್ಯಾನರೀಸ್’, ಅಂಗಿಯ ಬಣ್ಣ ಹಳದಿ ಮತ್ತು ಹಸಿರು. 1870ರ ದಶಕದಲ್ಲಿ ಕೆಲವರ ಕ್ಯಾನರಿಗಳು ಪ್ರದರ್ಶನಗಳಲ್ಲಿ ಹಳದಿಯ ಬದಲು ಕಿತ್ತಳೆ ಬಣ್ಣದಲ್ಲಿ ಹೊಳೆಯತೊಡಗಿ ದೊಡ್ಡ ಜಗಳವೇ ಆಯಿತು. ಗುಟ್ಟು ಹೊರಬಿದ್ದಾಗ ನೋಡಿದರೆ, ಗರಿ ಉದುರಿ ಹೊಸದು ಬರುವ ಕಾಲದಲ್ಲಿ ಆಹಾರಕ್ಕೆ ಕೆಂಪು ಮೆಣಸಿನಕಾಯಿಯ ಪುಡಿ ಬೆರೆಸುತ್ತಿದ್ದರು! ಖಾರ ಕಡಿಮೆ, ಬಣ್ಣ ಹೆಚ್ಚು ಇರುವ ಮೆಣಸಿನಕಾಯಿ ಇದಕ್ಕೆ ಉತ್ತಮವೆಂದು ಆಮೇಲೆ ಕಂಡುಕೊಂಡರಂತೆ. ನಮ್ಮ ಬ್ಯಾಡಗಿಯ ಸುದ್ದಿ ಅವರಿಗೆ ಮುಟ್ಟಿರಲಿಲ್ಲ.

ಇದೇ ನಾರ್ವಿಚ್‌ನಲ್ಲಿ ಚಾರ್ಲ್ಸ್ ಬರ್ನಾರ್ಡ್ ಎಂಬವನು ಕಬ್ಬಿಣದ ಸಾಮಾನಿನ ವ್ಯಾಪಾರಿಯಾಗಿದ್ದ, ರೈತನ ಮಗ. ಹೊಲಕ್ಕೆ ನುಗ್ಗುವ ಮೊಲಗಳನ್ನು ತಡೆಯಲು ಹಗುರಾದ, ಅಗ್ಗದ ಬೇಲಿ ಬೇಕಾಗಿತ್ತು. ಸುತ್ತಲೂ ಮಗ್ಗಗಳ ಸದ್ದು ಕೇಳುವ ಊರಿನಲ್ಲಿ ಕೂತವನಿಗೆ, ನೂಲನ್ನು ನೇಯುವ ಯಂತ್ರ ತಂತಿಯನ್ನೇಕೆ ನೇಯಬಾರದು ಎಂದು ಹೊಳೆದದ್ದು ಆಶ್ಚರ್ಯವಲ್ಲ. 1844ರಲ್ಲಿ ಅವನು ತಂತಿಬಲೆ ಹೆಣೆಯುವ ಯಂತ್ರವನ್ನು ಮಾಡಿದ. ಬಟ್ಟೆಯ ಮಗ್ಗವೇ ಅದರ ಮಾದರಿ. ಅಂದಿನಿಂದ ಬಲೆ ಗಜದ ಲೆಕ್ಕದಲ್ಲಿ ಸುರುಳಿ ಸುರುಳಿಯಾಗಿ ಮಾರಾಟಕ್ಕೆ ಬಂತು.

ಅವ್ವನ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಟ್ಟೆಯಲ್ಲಿ ಹಾಸು ಉದ್ದಕ್ಕೆ, ಹೊಕ್ಕು ಅಡ್ಡಕ್ಕೆ. ತಂತಿಬಲೆಯಲ್ಲಿ ಎಲ್ಲ ತಂತಿಗಳೂ ಉದ್ದಕ್ಕೇ ಸಾಗುತ್ತವೆ. ಒಂದೊಂದು ತಂತಿಯೂ ಎಡಗಡೆಯ ನೆರೆತಂತಿಯೊಡನೆ ಕೆಲವು ಸುತ್ತು ಹೊಸೆದುಕೊಳ್ಳುತ್ತದೆ, ಬಿಡುತ್ತದೆ, ಸ್ವಲ್ಪ ಮುಂದೆ ಹೋಗಿ ಬಲಗಡೆಯದರೊಡನೆ ಹೊಸೆದುಕೊಳ್ಳುತ್ತದೆ. ಹೀಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕೈಹಿಡಿಯುತ್ತ ಹೋಗುವಾಗ ನಡುವೆ ಉಳಿಯುವ ತೆರಪೇ ಆರು ಮೂಲೆಯ ಕಣ್ಣು. ಹೊಕ್ಕು ಇಲ್ಲವೇ ಇಲ್ಲ. ಇದಕ್ಕೊಂದು ಗುಣವಿದೆ. ಒಂದು ಕಡೆ ತಂತಿ ತುಂಡಾದರೆ ಹೊಸೆದ ಗಂಟುಗಳು ಹಿಡಿದಿಟ್ಟುಕೊಳ್ಳುವುದರಿಂದ ಬಲೆ ಉದ್ದಕ್ಕೂ ಬಿಚ್ಚಿಹೋಗುವುದಿಲ್ಲ. ಇದನ್ನು ಅವ್ವನಿಗೆ ಹೇಳಿದಾಗ, “ಅಂದರ ಇದು ನೇಯ್ಗಿ ಅಲ್ಲ, ಜಡಿ ಹಾಕೂದು” ಎಂದಳು. ಬರ್ನಾರ್ಡ್ ಕೇಳಿದ್ದರೆ ಒಪ್ಪುತ್ತಿದ್ದನೇನೋ.

ಆದರೆ ಬರಿಯ ಕಬ್ಬಿಣದ ಬಲೆ ಮಳೆಯಲ್ಲಿ ಎಷ್ಟು ದಿನ ಬಾಳೀತು? ಇಲ್ಲಿ ಫ್ರಾನ್ಸಿನ ಒಬ್ಬನ ಹೆಸರು ಬರುತ್ತದೆ. ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ಲೇಪ ಕೊಡುವ ವಿಧಾನಕ್ಕೆ ಸ್ತಾನಿಸ್ಲಾ ಸೊರೆಲ್ ಎಂಬ ಎಂಜಿನಿಯರ್ 1837ರಲ್ಲಿ ಪೇಟೆಂಟ್ ಪಡೆದಿದ್ದ. ಯಂತ್ರದ ಹೆಣಿಗೆ ಮತ್ತು ಸತುವಿನ ಲೇಪ, ಈ ಎರಡೂ ಕೂಡಿದ ಮೇಲೆಯೇ ತಂತಿಬಲೆ ಲೋಕವನ್ನು ಗೆದ್ದದ್ದು. ನಮ್ಮ ಹಕ್ಕಿಗಳನ್ನು ಕೊಂದದ್ದೂ ಬಲೆಗೆ ಆಯುಸ್ಸು ಕೊಟ್ಟದ್ದೂ ಒಂದೇ ಲೋಹ.

ಬರ್ನಾರ್ಡನಿಗೆ ಬಿಷಪ್ ಎಂಬ ಪಾಲುದಾರ ಸೇರಿದ, 1859ರಲ್ಲಿ ಅವನ ಇಬ್ಬರು ಮಕ್ಕಳೂ ಸೇರಿದರು. ಇಂಗ್ಲಿಷಿನಲ್ಲಿ ನಾಲ್ವರ ಹೆಸರೂ ‘ಬಿ’ ಅಕ್ಷರದಿಂದ ಆರಂಭವಾಗುತ್ತದೆ. ಆ ಭಾಷೆಯಲ್ಲಿ ಜೇನುನೊಣಕ್ಕೂ ಅದೇ ಉಚ್ಚಾರ. ಹಾಗಾಗಿ ನಾಲ್ಕು ಜೇನುನೊಣಗಳೇ ಕಂಪನಿಯ ಗುರುತಾದವು. ಆರು ಮೂಲೆಯ ಕಣ್ಣು ಹೆಣೆಯುವವರಿಗೆ ಇದಕ್ಕಿಂತ ಒಪ್ಪುವ ಗುರುತು ಬೇರೆಲ್ಲಿ ಸಿಗಬೇಕು! ಮೊಲ ತಡೆಯಲು ಹುಟ್ಟಿದ ಬಲೆ ಕೋಳಿಗೂಡಿಗೆ ಬಂತು, ಕೋಳಿಗೂಡಿನಿಂದ ಹಕ್ಕಿಮನೆಗೆ. ಅರಸರಿಗಷ್ಟೇ ಸಾಧ್ಯವಿದ್ದ ಹಕ್ಕಿಮನೆಯನ್ನು ಈಗ ನಾಲ್ಕು ಕೋಲು, ಒಂದು ಸುರುಳಿ ಬಲೆ, ಒಂದು ಮುಷ್ಟಿ ಮೊಳೆ ಇದ್ದ ಯಾರಾದರೂ ಹಿತ್ತಿಲಲ್ಲಿ ಕಟ್ಟಬಹುದಾಯಿತು. ಒಂದೇ ಹಕ್ಕಿಯನ್ನು ಕಿವಿಯ ಬಳಿ ತೂಗಹಾಕಿಕೊಳ್ಳುವ ಬದಲು, ಹಿಂಡನ್ನೇ ಸಾಕಿ ಅದು ಹಾರುವುದನ್ನು ನೋಡುವ ಹವ್ಯಾಸ ಜನಸಾಮಾನ್ಯರಲ್ಲಿ ಬೆಳೆದದ್ದು ಆಮೇಲೆ.

ಬಲೆ ಎಲ್ಲೆಲ್ಲಿಗೆ ಹೋಯಿತು ಎಂಬುದೇ ಒಂದು ಪುರಾಣ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಸಿನಾಯ್ ಮರುಭೂಮಿ ದಾಟುವಾಗ, ಕಾಲು ಹುಗಿಯದಿರಲೆಂದು ಮರಳಿನ ಮೇಲೆ ಮೊಲದ ಬಲೆಯನ್ನೇ ಹಾಸಿ ಮೈಲುಗಟ್ಟಲೆ ದಾರಿ ಮಾಡಿತು. ಅದೇ ರಣರಂಗದಲ್ಲಿ ನಮ್ಮ ಮೈಸೂರು ಸಂಸ್ಥಾನದ ಅಶ್ವದಳವೂ ಇತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರಲ್ಲಿ ಅವರು ಸೇರಿದ್ದರು. ದಿಲ್ಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲೊಂದು ಮೈಸೂರಿನವರದು ಎಂಬುದು ದಿಲ್ಲಿಯ ಕನ್ನಡಿಗರಿಗೆ ಗೊತ್ತೇ ಇದೆ.

ಇದೆಲ್ಲಕ್ಕಿಂತ ಸ್ವಾರಸ್ಯದ ಕಥೆ ಆಸ್ಟ್ರೇಲಿಯದ್ದು. ನಮ್ಮ ಮನೆಗೆ ಬಂದ ಬಡ್ಜೆರಿಗರ್‌ನ ಮೂಲ ಅಲ್ಲಿಯೇ. ಮುಂಬಯಿಯ ಪೇಟೆಯಲ್ಲಿ ಇದನ್ನು ‘ಲವ್ ಬರ್ಡ್’ ಎಂದು ಮಾರುತ್ತಾರೆ, ಅದು ತಪ್ಪು. ನಿಜವಾದ ಲವ್ ಬರ್ಡ್ ಆಫ್ರಿಕದ ಬೇರೆಯೇ ಹಕ್ಕಿ. ಬಡ್ಜೆರಿಗರ್ ಆಸ್ಟ್ರೇಲಿಯದ ಒಳನಾಡಿನ ಒಣಭೂಮಿಯಲ್ಲಿ ಮಳೆ ಬಿದ್ದಲ್ಲಿಗೆ, ಹುಲ್ಲಿನ ಬೀಜ ಬಲಿತಲ್ಲಿಗೆ ಸಾವಿರಾರು ಸಂಖ್ಯೆಯ ಹಿಂಡಾಗಿ ವಲಸೆ ಹೋಗುತ್ತದೆ. ಕಾಡಿನಲ್ಲಿ ಅದರ ಬಣ್ಣ ಹಸಿರು ಹಳದಿ ಮಾತ್ರ. ಪಕ್ಷಿಶಾಸ್ತ್ರಜ್ಞ ಜಾನ್ ಗೌಲ್ಡ್ ತನ್ನ ಹೆಂಡತಿ, ಚಿತ್ರಕಾರ್ತಿ ಎಲಿಝಬೆತ್‌ಳೊಡನೆ 1838ರಲ್ಲಿ ಆಸ್ಟ್ರೇಲಿಯಕ್ಕೆ ಹೋಗಿ, 1840ರಲ್ಲಿ ಹಿಂದಿರುಗುವಾಗ ಜೀವಂತ ಬಡ್ಜೆರಿಗರ್‌ಗಳನ್ನು ಇಂಗ್ಲೆಂಡಿಗೆ ತಂದ. ನಾಲ್ಕು ವರ್ಷದ ನಂತರ ನಾರ್ವಿಚ್‌ನಲ್ಲಿ ತಂತಿಬಲೆಯ ಯಂತ್ರ ತಯಾರಾಯಿತು. ಹಕ್ಕಿ ಮತ್ತು ಬಲೆ ಒಂದನ್ನೊಂದು ಕಾದಿದ್ದವೋ ಎಂಬಂತೆ! ಹಿಂಡಿನಲ್ಲಿ ಬಾಳುವ, ಬೇಗ ಮರಿ ಮಾಡುವ ಈ ಹಕ್ಕಿ ಬಲೆಯ ಮನೆಗೆ ಸುಲಭವಾಗಿ ಹೊಂದಿಕೊಂಡಿತು. ನೀಲಿ ಬಣ್ಣದ್ದು ಸುಮಾರು 1880ರ ಹೊತ್ತಿಗೆ ಬೆಲ್ಜಿಯಂನಲ್ಲಿ ಹುಟ್ಟಿತು, ಅದೂ ಸಾಕಿದ ಹಕ್ಕಿಗಳಲ್ಲಿ. ಮೈಯಲ್ಲಿ ಹಳದಿ ಬಣ್ಣದ ಅಂಶ ಇಲ್ಲವಾದರೆ ಹಸಿರು ಹಕ್ಕಿ ನೀಲಿಯಾಗುತ್ತದೆ, ಅಷ್ಟೇ.

ಆಸ್ಟ್ರೇಲಿಯದಿಂದ ಹಕ್ಕಿ ಬಂತು. ಇಂಗ್ಲೆಂಡಿನಿಂದ ಅಲ್ಲಿಗೆ ಹೋದದ್ದೇನು? ಮೊಲ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಮೋಜಿಗಾಗಿ ಇಪ್ಪತ್ತನಾಲ್ಕು ಮೊಲಗಳನ್ನು ತರಿಸಿಕೊಂಡ. ಅವು ಬೆಳೆದು ಖಂಡವನ್ನೇ ಮೇಯತೊಡಗಿದವು. ಕೊನೆಗೆ ಪಶ್ಚಿಮ ಆಸ್ಟ್ರೇಲಿಯದ ಸರಕಾರ 1901ರಿಂದ 1907ರ ವರೆಗೆ ತಂತಿಬಲೆಯ ಮೂರು ಬೇಲಿಗಳನ್ನು ಕಟ್ಟಿತು. ಒಟ್ಟು ಉದ್ದ 3,256 ಕಿಲೋಮೀಟರು, ಮೊದಲನೆಯದೊಂದೇ 1,833 ಕಿಲೋಮೀಟರು. ಬೇಲಿ ಮುಗಿಯುವ ಮೊದಲೇ ಮೊಲಗಳು ಆಚೆ ದಾಟಿಬಿಟ್ಟಿದ್ದವು ಎಂಬುದು ಬೇರೆ ಮಾತು. ಬೇಲಿಗೆ ನಿಜವಾಗಿ ಸಿಕ್ಕಿಬಿದ್ದದ್ದು ನೀರು ಹುಡುಕಿ ಬರುವ ಎಮು ಪಕ್ಷಿಗಳು. ಬಡ್ಜೆರಿಗರ್‌ಗಳ ಹಿಂಡು ಮಾತ್ರ ಅದರ ಮೇಲಿನಿಂದ ಹಾರಿಹೋಗುತ್ತಿತ್ತು.

ನಮ್ಮ ದೇಶದ ಕಾನೂನಿನ ಮಾತನ್ನೂ ಹೇಳಬೇಕು. ಊರಿನ ಮನೆಗಳಲ್ಲಿ ಗಿಣಿಯ ಪಂಜರ ಕಂಡು ಬೆಳೆದವರು ನಾವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಅದಕ್ಕೆ 1991ರಲ್ಲಿ ಆದ ತಿದ್ದುಪಡಿಗಳ ನಂತರ ನಮ್ಮ ನಾಡಿನ ಗಿಣಿ, ಮುನಿಯ, ಮೈನಾಗಳನ್ನು ಹಿಡಿಯುವುದೂ ಮಾರುವುದೂ ಅಪರಾಧ. ಎಷ್ಟೋ ಮನೆಗಳಿಗೆ ಇದು ಇಂದಿಗೂ ತಿಳಿದಿಲ್ಲ. ರಸ್ತೆಯ ಬದಿ ಗಿಣಿ ಮಾರುವವನಿಗೆ ತಿಳಿದಿದ್ದರೂ ಹೇಳುವುದಿಲ್ಲ. ಬಡ್ಜೆರಿಗರ್ ಪರದೇಶದ್ದು, ಸಾಕಿದಲ್ಲೇ ಹುಟ್ಟಿದ್ದು. ಆದ್ದರಿಂದ ಆ ನಿಷೇಧ ಅದಕ್ಕಿಲ್ಲ. ಹಾಗೆಂದು ಗ್ಯಾಲರಿಯಿಂದ ಅದನ್ನು ಹಾರಿಬಿಡುವುದು ಪುಣ್ಯದ ಕೆಲಸವಲ್ಲ. ಕಾಗೆ, ಹದ್ದುಗಳ ಬಾಯಿಗೆ ಹಾಕಿದಂತೆ. ಮಗಳು ಹಕ್ಕಿಗಳು ಸತ್ತ ಸಂಕಟದಲ್ಲಿ “ಉಳಿದೆರಡನ್ನ ಬಿಟ್ಟುಬಿಡೋಣ” ಎಂದಾಗ ಅವಳಿಗೆ ಇದನ್ನು ತಿಳಿಸಿ ಹೇಳುವುದು ಸುಲಭವಾಗಲಿಲ್ಲ.

ಆಗಸ್ಟ್ ತಿಂಗಳಲ್ಲಿ ಮಳೆ ಸ್ವಲ್ಪ ಬಿಟ್ಟಾಗ ಬಲೆಯನ್ನು ಇಳಿಸಿ ತಂದೆವು. ಹೊಳಪು ಹೋಗಿ ಮಂಕು ಬೂದಿಬಣ್ಣಕ್ಕೆ ತಿರುಗಿತ್ತು. ಅವ್ವ ಮತ್ತೆ ಬೆರಳಿನಿಂದ ತಿಕ್ಕಿ ನೋಡಿ, ಹುಡಿ ಹತ್ತಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಹೊಡೆಯಲು ಬಿಟ್ಟಳು. ಹಸಿರು ಮತ್ತು ನೀಲಿ ಹಕ್ಕಿಗಳು ಈಗಲೂ ಇವೆ, ಜೊತೆಗೆ ಮೂರು ಮರಿಗಳಾಗಿವೆ. ಅಂಗಡಿಯವನು ‘ಕಂಗಣಿ’ ಎಂದು ಪೊಟ್ಟಣ ಕಟ್ಟಿಕೊಡುವ ಕಾಳು ನಮ್ಮ ನವಣೆಯೇ. ಅವ್ವ ಅದನ್ನು ಮೊರದಲ್ಲಿ ಕೇರಿ ಹಾಕುತ್ತಾಳೆ, ಬೆಟಗೇರಿಯ ಮಾತಿನಲ್ಲಿ ಅವುಗಳನ್ನು ಬೈಯುತ್ತಾಳೆ. ನೀಲಿಯದು ಒಂದೆರಡು ಬೈಗುಳ ಕಲಿತಂತೆಯೂ ಕಾಣುತ್ತದೆ.

ಬಲೆಯಲ್ಲಿ ನಾಲ್ಕು ಅಡಿಯಷ್ಟು ತುಂಡು ಉಳಿದಿತ್ತು. ಅದನ್ನು ಪಕ್ಕದ ಮನೆಯ ವೈನಿ ಕೇಳಿಕೊಂಡು ಹೋದರು. ಅವರ ಅಡಿಗೆಮನೆಯ ಕಿಟಕಿಯಲ್ಲಿ ಪಾರಿವಾಳಗಳು ಗೂಡು ಕಟ್ಟುತ್ತಿವೆಯಂತೆ.